ಸೋಮವಾರದ ಹೆದರಿಕೆ

ನಮ್ಮ ಮೇಲಿನ ಮನೆಯ ಬಾಗಿಲಿಗೆ ಹೋದ ವಾರ ಬೇರೆ ಹೆಸರು ಬಂತು. ಸ್ವೀಡನ್ನಿನ ಸೋಲ್ನಾದ ಈ ಕಟ್ಟಡಕ್ಕೆ ನಾವು ಬಂದಾಗಿನಿಂದ ಅಲ್ಲಿದ್ದದ್ದು ಒಬ್ಬ ಇಂಗ್ಲಿಷ್ ನಟಿಯ ಹೆಸರು. ಅವರು ಹೋದ ಚಳಿಗಾಲದಲ್ಲಿ ಯೋನ್‌ಶೋಪಿಂಗ್‌ನ ವೃದ್ಧರ ವಸತಿಯೊಂದರಲ್ಲಿ ತೀರಿಕೊಂಡರು. ನಿದ್ದೆಯಲ್ಲೇ ಹೋದರು ಎಂದು ಅವರ ಮಲಮಗ ಫೋನಿನಲ್ಲಿ ಹೇಳಿದ. ಸಮಾಧಾನಕ್ಕೆ ಹೇಳಿದನೋ ಏನೋ, ನನಗೆ ನಂಬುವುದು ಕಷ್ಟವಾಯಿತು. ಹೆದರದೆ ಅವರು ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಹಾಗೆ ನೋಡಿದರೆ ನಾನೂ ಪುಕ್ಕಲಿಯೇ. ಮೈಸೂರಿನಲ್ಲಿದ್ದಾಗ ಹಲ್ಲಿಗೆ ಹೆದರುತ್ತಿದ್ದೆ, ಇಲ್ಲಿಗೆ ಬಂದಮೇಲೆ ಲಕೋಟೆಗಳಿಗೆ ಹೆದರತೊಡಗಿದೆ. ಕಮ್ಯೂನ್‌ನಿಂದ, ಅಂದರೆ ನಮ್ಮ ಕಡೆಯ ಪುರಸಭೆಯಂಥ ಕಚೇರಿಯಿಂದ, ಏನಾದರೂ ಬಂದರೆ ನನ್ನ ಗಂಡ ಗಿರೀಶ್ ಆಫೀಸಿನಿಂದ ಬರುವವರೆಗೆ ಅದು ಊಟದ ಮೇಜಿನ ಮೇಲೆ ಹಾಗೇ ಬಿದ್ದಿರುತ್ತಿತ್ತು. ಮಗಳು ತನ್ನ ಶಿಶುವಿಹಾರವಾದ ದಾಗಿಸ್‌ನಿಂದ ಬಂದು ಸ್ವೀಡಿಷಿನಲ್ಲಿ ಏನಾದರೂ ಹೇಳಿ ನಕ್ಕರೆ ಅದಕ್ಕೂ ನನಗೆ ಒಳಗೊಳಗೇ ದಿಗಿಲು. ಇಷ್ಟು ಹೇಳಿದ್ದು ಯಾಕೆಂದರೆ, ನಮ್ಮಿಬ್ಬರಿಗೆ ಸ್ನೇಹವಾದದ್ದೇ ಈ ಗುಣದಿಂದ.

ಇಲ್ಲಿ ಬಟ್ಟೆ ಒಗೆಯುವ ಕೋಣೆ ಕಟ್ಟಡಕ್ಕೆಲ್ಲ ಒಂದೇ, ನೆಲಮಾಳಿಗೆಯಲ್ಲಿ. ಸಮಯ ಗೊತ್ತುಮಾಡಿಕೊಂಡು ಹೋಗಬೇಕು, ಮುಗಿದೊಡನೆ ಜಾಗ ಖಾಲಿ ಮಾಡಬೇಕು. ಸ್ವೀಡನ್ನಿನಲ್ಲಿ ಜನ ಜಗಳವಾಡುವುದನ್ನು ನಾನು ಕಂಡಿಲ್ಲ. ಆದರೆ ಒಗೆಯುವ ಕೋಣೆಯ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ ಅವರು ಒಬ್ಬರ ವಂಶವನ್ನೇ ಎತ್ತಿ ಆಡುತ್ತಾರೆ. ನಾವು ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನನ್ನ ಹೊತ್ತು ಮುಗಿದಿತ್ತು, ಒಣಗಿಸುವ ಯಂತ್ರ ಮಾತ್ರ ಇನ್ನೂ ಗುಯ್‌ಗುಡುತ್ತಿತ್ತು. ಬಾಗಿಲು ತೆರೆದುಕೊಂಡು ಮುದುಕಿಯೊಬ್ಬರು ಒಳಗೆ ಬಂದರು. ಬಿಳಿ ಕೂದಲನ್ನು ಎತ್ತಿ ಕಟ್ಟಿದ್ದರು, ತುಟಿಗೆ ದಟ್ಟ ಕೆಂಪು, ಮೈಮೇಲೆ ಗಂಡಸರ ಹಳೆಯ ಉದ್ದ ಕೋಟು. ಕ್ಲಾಸಿನಲ್ಲಿ ಕಲಿತ ಸ್ವೀಡಿಷಿನಲ್ಲಿ ಕ್ಷಮಿಸಿ, ಕ್ಷಮಿಸಿ ಎಂದು ಕೈ ಆಡಿಸುತ್ತ ನಿಂತೆ.

ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ ಇಂಗ್ಲಿಷಿನಲ್ಲಿ ಹೇಳಿದರು: “ಹೆದರಿಕೆ ನಿಜವಾಗಿದೆ, ಚೆನ್ನಾಗಿದೆ. ಆದರೆ ಕೈಗಳು ಸುಳ್ಳು ಹೇಳುತ್ತಿವೆ. ನಿಜವಾಗಿ ಹೆದರಿದವರು ಕೈ ಬೀಸುವುದಿಲ್ಲ ಡಾರ್ಲಿಂಗ್. ಏನನ್ನಾದರೂ ಹಿಡಿದುಕೊಳ್ಳುತ್ತಾರೆ.” ಹಾಗೆಂದು ನನ್ನದೇ ಒದ್ದೆ ಟವೆಲನ್ನು ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತು, ನನ್ನ ಬಟ್ಟೆ ಒಣಗುವವರೆಗೆ ಕಾದರು. ಹೋಗುವಾಗ ಫೀಕಾಕ್ಕೆ ಮೇಲೆ ಬಾ ಎಂದರು. ಕಾಫಿ, ಜೊತೆಗೆ ಸಿಹಿ ಬನ್ನು, ಒಂದಷ್ಟು ಮಾತು. ಈ ದೇಶದಲ್ಲಿ ಸ್ನೇಹ ಶುರುವಾಗುವುದು ಅಲ್ಲಿಂದಲೇ.

ಅವರ ಮನೆಯಲ್ಲಿ ನಾಟಕದ ಫೋಟೊಗಳು ಸಾಲಾಗಿ ನೇತಾಡುತ್ತಿರುತ್ತವೆ ಎಂದುಕೊಂಡು ಹೋಗಿದ್ದೆ. ಒಂದೂ ಇರಲಿಲ್ಲ. ಕೇಳಿದ್ದಕ್ಕೆ, “ನನ್ನ ವೃತ್ತಿಗೆ ಆರಂಭ ಮಾತ್ರ ಇತ್ತು. ಆರಂಭದಲ್ಲಿ ಯಾರೂ ಫೋಟೊ ತೆಗೆಯುವುದಿಲ್ಲ” ಎಂದರು. ಆ ಆರಂಭವನ್ನು ಮಾತ್ರ ಎಷ್ಟು ಹೇಳಿದರೂ ಅವರಿಗೆ ದಣಿವಿರಲಿಲ್ಲ. ಕೇಳಿ ನನಗೂ ಸಾಕಾಗಲಿಲ್ಲ.

ಇಂಗ್ಲೆಂಡಿನ ಉತ್ತರಕ್ಕೆ, ಸಮುದ್ರದ ದಂಡೆಯ ಒಂದು ಊರಿನ ನಾಟಕ ಕಂಪನಿಗೆ ಅವರು ಸೇರಿದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಕಂಪನಿಯ ಪದ್ಧತಿ ಕೇಳಿಯೇ ನನಗೆ ಮೈ ಜುಮ್ಮೆಂದಿತು. ವಾರಕ್ಕೊಂದು ಹೊಸ ನಾಟಕ. ಸೋಮವಾರ ಸಂಜೆ ಪರದೆ ಏಳುತ್ತದೆ, ಶನಿವಾರಕ್ಕೆ ಆಟ ಮುಗಿಯುತ್ತದೆ, ಮತ್ತೆ ಸೋಮವಾರ ಇನ್ನೊಂದು. ಈ ವಾರದ್ದನ್ನು ಸಂಜೆ ಆಡುತ್ತ ಮುಂದಿನ ವಾರದ್ದನ್ನು ಬೆಳಿಗ್ಗೆ ತಾಲೀಮು ಮಾಡಬೇಕು. ಮಾತು ಬಾಯಿಪಾಠ ಮಾಡುವುದು ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಬೇರೆ ಊರಿಗೆ ಆಡಲು ಹೋದಾಗ ಕಂಪನಿಯವರು ಹಿಡಿದ ಕೋಣೆಯಲ್ಲಿ, ಸ್ನಾನ ಮಾಡುವಾಗ. ನಮ್ಮ ಕಡೆಯ ಕಂಪನಿ ನಾಟಕದವರು ಒಂದೂರಿನಲ್ಲಿ ಕ್ಯಾಂಪ್ ಹಾಕಿದರೆ ಒಂದೇ ನಾಟಕವನ್ನು ಜನ ಬರುವಷ್ಟು ದಿನ ಆಡುತ್ತಿದ್ದರು ಎಂದು ನಾನು ಹೇಳಿದೆ. “ಪುಣ್ಯವಂತರು. ಅವರಿಗೆ ಒಂದೇ ಸೋಮವಾರ” ಎಂದರು.

ಪೂರ್ತಿ ನಾಟಕ ಅವರ ಕೈಗೆ ಸಿಗುತ್ತಿರಲಿಲ್ಲವಂತೆ. ಅವರವರ ಮಾತು, ಅದಕ್ಕೆ ಮುಂಚೆ ಎದುರಿನವರು ಆಡುವ ಮಾತಿನ ಕೊನೆಯ ಒಂದೆರಡು ಪದ, ಅಷ್ಟೇ. ಆ ಪದ ಕಿವಿಗೆ ಬಿದ್ದೊಡನೆ ತನ್ನ ಮಾತು ಬಾಯಿಂದ ಬರಬೇಕು. ಯಾಕೆ, ಏನು, ಯಾರಿಗೆ ಎಂದು ಯೋಚಿಸುತ್ತ ಕೂತರೆ ಕೆಟ್ಟಿತು. “ಅರ್ಥ ಬುಧವಾರದ ಹೊತ್ತಿಗೆ ಬರುತ್ತಿತ್ತು. ಸೋಮವಾರ ಬರೀ ಕಿವಿ, ಬರೀ ಬಾಯಿ” ಎನ್ನುತ್ತಿದ್ದರು. ವೇದಿಕೆಯ ಮೇಲೆ ಮಾತು ಮರೆತು ನಿಲ್ಲುವುದನ್ನು ಅವರ ಕಸುಬಿನವರು ‘ಒಣಗುವುದು’ ಎನ್ನುತ್ತಾರಂತೆ. ಆ ಪದವನ್ನು ಅವರು ಎಂದೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ನಮ್ಮಜ್ಜಿ ಸಂಜೆಯಾದ ಮೇಲೆ ಹಾವಿನ ಹೆಸರೆತ್ತದೆ ಹುಳ ಎನ್ನುತ್ತಿದ್ದರಲ್ಲ, ಹಾಗೆ ದನಿ ಇಳಿಸುತ್ತಿದ್ದರು.

ಸೋಮವಾರ ಸಂಜೆ ಪರದೆ ಏಳುವ ಮೊದಲು ಅವರಿಗೆ ವಾಂತಿಯಾಗುತ್ತಿತ್ತು. ತಪ್ಪದೆ ಆಗುತ್ತಿತ್ತು. ರಂಗದ ಪಕ್ಕದ ಮರೆಯಲ್ಲಿ, ಬೆಂಕಿ ಬಿದ್ದರೆ ಆರಿಸಲೆಂದು ಮರಳು ತುಂಬಿದ ಬಕೆಟ್ ಇಟ್ಟಿರುತ್ತಿದ್ದರಂತೆ. ಅದೇ ಗತಿ. ರಂಗದ ಕಾವಲಿನವನು ಮೊದಲ ತಿಂಗಳು ಬೈದ. ಆಮೇಲೆ ಸೋಮವಾರ ಬಂತೆಂದರೆ ತಾನೇ ಬಕೆಟನ್ನು ಎತ್ತಿ ಇವರು ಒಳಗೆ ಹೋಗುವ ಬಾಗಿಲಿನ ಹತ್ತಿರ ತಂದಿಡುತ್ತಿದ್ದ. “ನನ್ನನ್ನು ಮೊದಲು ನಟಿ ಎಂದು ಒಪ್ಪಿಕೊಂಡವನು ಅವನೇ” ಎಂದು ಗಂಭೀರವಾಗಿ ಹೇಳುತ್ತಿದ್ದರು.

ಮೊದಲ ಪಾತ್ರಗಳೆಲ್ಲ ಮನೆಗೆಲಸದವಳದು. ಬಾಗಿಲು ತೆರೆದು ಯಾರೋ ಬಂದಿದ್ದಾರೆ ಎಂದು ಹೇಳಿ ಹೋಗುವುದು. ಒಂದು ವಾರ ಕೊಲೆಯ ನಾಟಕ. ಅದರಲ್ಲಿ “ಇನ್‌ಸ್ಪೆಕ್ಟರ್ ಬಂದಿದ್ದಾರೆ ಸರ್” ಎನ್ನಬೇಕು. ಮುಂದಿನ ವಾರ ನಗೆ ನಾಟಕ. ಅದರಲ್ಲಿ “ಚಿಕ್ಕಮ್ಮ ಬಂದಿದ್ದಾರೆ ಸರ್” ಎನ್ನಬೇಕು. ಸೋಮವಾರ ಬಾಗಿಲು ತೆರೆದು ಇವರು ಸ್ಪಷ್ಟವಾಗಿ, “ಇನ್‌ಸ್ಪೆಕ್ಟರ್ ಬಂದಿದ್ದಾರೆ ಸರ್” ಅಂದರು. ರಂಗದ ಮೇಲಿದ್ದ ಹಿರಿಯ ನಟ ಒಂದು ಕ್ಷಣ ಇವರ ಮುಖ ನೋಡಿ, “ಕಾಯಲು ಹೇಳು. ಮೊದಲು ಚಿಕ್ಕಮ್ಮನನ್ನು ಕಳಿಸು” ಎಂದರಂತೆ. ನಾಟಕ ಮುಂದುವರಿಯಿತು. ಆದರೆ ಪ್ರೇಕ್ಷಕರು ಕೊನೆಯವರೆಗೂ ಇನ್‌ಸ್ಪೆಕ್ಟರನಿಗಾಗಿ ಕಾದರು. ಮದುವೆ ಗೊತ್ತಾಯಿತು, ಮುದುಕ ಮನಸ್ಸು ಬದಲಿಸಿದ, ಎಲ್ಲ ಸುಖವಾಗಿ ಮುಗಿಯಿತು. ಜನ ಎದ್ದು ಹೋಗುವಾಗ, “ಪಾಪ, ಆ ಮನುಷ್ಯ ಇನ್ನೂ ಹೊರಗೇ ನಿಂತಿದ್ದಾನೆ” ಎಂದು ಗೊಣಗಿಕೊಂಡು ಹೋದರಂತೆ. ಇದನ್ನು ಹೇಳುವಾಗ ನಾನು ಬಿದ್ದು ಬಿದ್ದು ನಗುತ್ತಿದ್ದೆ, ಅವರು ನಗುತ್ತಿರಲಿಲ್ಲ. ಅಷ್ಟು ವರ್ಷವಾದರೂ ಅವರ ಕತ್ತಿನ ನರ ಬಿಗಿಯುತ್ತಿತ್ತು.

ಸಿನಿಮಾಕ್ಕೆ ಹೋದದ್ದೂ ಹೆದರಿಕೆಯಿಂದಲೇ. ನಾಟಕ ನೋಡಲು ಬಂದಿದ್ದ ಯಾರೋ ಒಬ್ಬರು, ಈ ಹುಡುಗಿ ಬಾಗಿಲು ತೆರೆಯುವಾಗ ಕಣ್ಣಿನಲ್ಲಿ ಅದೇನು ಭಯ ಎಂದು ಬೆರಗಾಗಿ ಕರೆದೊಯ್ದರು. ದೆವ್ವ ಭೂತಗಳ ಅಗ್ಗದ ಚಿತ್ರಗಳು. ಇವರ ಕೆಲಸ ಕಿರುಚುವುದು. ನೆಲದ ಮೇಲೆ ಅಂಟಿಸಿದ ಪಟ್ಟಿಯ ಮೇಲೆ ನಿಂತು, ದೆವ್ವದ ಬದಲು ಒಬ್ಬ ಹುಡುಗ ಎತ್ತಿ ಹಿಡಿದ ಪೊರಕೆಯ ತುದಿಯನ್ನು ನೋಡಿ ಕಿರುಚಬೇಕು. ಅಲ್ಲಿ ಮಾತ್ರ ಒಂದಿಷ್ಟೂ ಹೆದರಿಕೆಯಾಗಲಿಲ್ಲವಂತೆ. ತಪ್ಪಿದರೆ ಇನ್ನೊಮ್ಮೆ ತೆಗೆಯುತ್ತಾರೆ. “ಕ್ಯಾಮೆರಾಕ್ಕೆ ಸೋಮವಾರ ಇಲ್ಲ” ಎನ್ನುತ್ತಿದ್ದರು. ಅಂಥದ್ದೊಂದು ಚಿತ್ರಕ್ಕೆ ಹಿಮ ಬೇಕಾಗಿ ತಂಡ ಸ್ವೀಡನ್ನಿನ ಉತ್ತರಕ್ಕೆ, ಉಮೆಯೊದ ಕಡೆಗೆ ಬಂತು. ಅಲ್ಲಿ ದೀಪದ ಕೆಲಸಕ್ಕೆ ಬಂದಿದ್ದ ಸ್ವೀಡಿಷ್ ವಿಧುರನನ್ನು ಅವರು ಮದುವೆಯಾದರು. ಅವನಿಗೊಬ್ಬ ಪುಟ್ಟ ಮಗನಿದ್ದ.

ಆಮೇಲೂ ಒಮ್ಮೆ ಲಂಡನ್ನಿನ ದೊಡ್ಡ ರಂಗಮಂದಿರದಿಂದ ಕರೆ ಬಂದಿತ್ತು. ಹೋದರು, ಆಡಿದರು, ಎಲ್ಲರೂ ಹೊಗಳಿದರು. ಹೊಗಳಿಕೆಯಿಂದ ಭಯ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಒಂದು ಸೋಮವಾರ ರೈಲಿನಲ್ಲಿ ಹೋಗುತ್ತಿದ್ದವರು ಇಳಿಯಬೇಕಾದ ನಿಲ್ದಾಣದಲ್ಲಿ ಇಳಿಯಲಿಲ್ಲ. ಕೂತೇ ಇದ್ದರು. ಅಲ್ಲಿಗೆ ಅವರ ವೃತ್ತಿ ಮುಗಿಯಿತು. ಉಳಿದ ಕಾಲವೆಲ್ಲ ಸೋಲ್ನಾದಲ್ಲಿ ದೊಡ್ಡವರಿಗೆ ಸಂಜೆ ಇಂಗ್ಲಿಷ್ ಪಾಠ ಹೇಳಿಕೊಟ್ಟರು. ಗಂಡ ಹೋದಮೇಲೆ ಅವನ ಕೋಟು ಹಾಕಿಕೊಂಡು ಒಬ್ಬರೇ ಇದ್ದರು.

ಅವರು ಎಲ್ಲರನ್ನೂ ಡಾರ್ಲಿಂಗ್ ಎನ್ನುತ್ತಿದ್ದರು. ನನ್ನನ್ನು, ಗಿರೀಶನನ್ನು, ಅಂಚೆಯವನನ್ನು. ವಾರವಾರವೂ ಹೊಸ ಮುಖಗಳು ಬಂದುಹೋಗುವ ಕಂಪನಿಯಲ್ಲಿ ಹೆಸರು ತಪ್ಪಿ ಹೇಳಿದರೆ ಬೇಜಾರಾಗುತ್ತದೆ, ಅದಕ್ಕೇ ಆ ರೂಢಿ ಎಂದು ಅವರೇ ಒಮ್ಮೆ ಹೇಳಿದ್ದರು. ನಾನು ಮಾತ್ರ ಅದನ್ನು ಪ್ರೀತಿಯೆಂದೇ ಇಟ್ಟುಕೊಂಡಿದ್ದೆ. ಎಷ್ಟೋ ಕಾಲದ ನಂತರ ಒಂದು ದಿನ ಅವರ ಅಡುಗೆಮನೆಯಲ್ಲಿ ಕೂತಿದ್ದಾಗ, ಇವರು ನನ್ನ ಹೆಸರು ಹಿಡಿದು ಕರೆದು ಎಷ್ಟು ದಿನವಾಯಿತು ಎಂಬ ಪ್ರಶ್ನೆ ಸುಮ್ಮನೆ ತಲೆಗೆ ಬಂತು. ನೆನಪಾಗಲಿಲ್ಲ. ಕೇಳಲು ಧೈರ್ಯ ಸಾಲದೆ ಕಾಫಿ ಮುಗಿಸಿ ಕೆಳಗೆ ಬಂದೆ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಒಗೆಯುವ ಬಟ್ಟೆಯ ಚೀಲ ಹಿಡಿದುಕೊಂಡು ಬೇರೆಯವರ ಹೊತ್ತಿನಲ್ಲಿ ನೆಲಮಾಳಿಗೆಗೆ ಇಳಿಯುತ್ತಿದ್ದರು. ಫ್ರಿಜ್ಜಿನಲ್ಲಿ ಕೈಗವಸು ಸಿಕ್ಕಿತು. ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಂದು ನಾನು ಮೆಟ್ಟಿಲು ಹಾರಿಕೊಂಡು ಓಡಿದರೆ, ಒಲೆಯ ಮೇಲೆ ಪಾತ್ರೆ ಕರಕಾಗಿ ಹೊಗೆಯಾಡುತ್ತಿತ್ತು, ಅವರು ಕೋಟು ಹಾಕಿಕೊಂಡು ನಡುಮನೆಯಲ್ಲಿ ನಿಂತಿದ್ದರು. “ಹೊಗೆ ಯಾವ ಅಂಕದಲ್ಲಿ ಬರಬೇಕು?” ಎಂದು ಕೇಳಿ, ನನ್ನ ಮುಖ ನೋಡಿ, ತಮಾಷೆ ಎನ್ನುವಂತೆ ನಕ್ಕರು. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು.

ಮಲಮಗ ಯೋನ್‌ಶೋಪಿಂಗ್‌ನಲ್ಲಿ ಇಂಜಿನಿಯರು. ತಣ್ಣನೆಯ ಮನುಷ್ಯನೇನಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ, ಬಂದರೆ ಕಿಟಕಿ ಒರೆಸಿ ಹೋಗುತ್ತಿದ್ದ. ಪಾತ್ರೆಯ ಸುದ್ದಿ ಅವನಿಗೆ ತಲುಪಿತು. ತನ್ನ ಊರಿನಲ್ಲೇ ವೃದ್ಧರ ವಸತಿಗೆ ಬಂದುಬಿಡು ಎಂದು ಹಟ ಹಿಡಿದ. ಇವರು ಇಲ್ಲಿಂದ ಹೊರಡುವುದಿಲ್ಲ ಎಂದು ಅದಕ್ಕಿಂತ ಹೆಚ್ಚು ಹಟ ಹಿಡಿದರು. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಆರೋಗ್ಯ ಕೇಂದ್ರದ ವೈದ್ಯೆ ನೆನಪಿನ ಪರೀಕ್ಷೆ ಮಾಡಲಿ. ನೆನಪು ಸರಿಯಿದೆ ಎಂದರೆ ಅವನು ಮತ್ತೆ ಬಾಯಿ ತೆರೆಯುವುದಿಲ್ಲ. ಇಲ್ಲ ಎಂದರೆ ಇವರು ಮನೆ ಖಾಲಿ ಮಾಡಬೇಕು.

ಮರುದಿನ ಅವರು ನಮ್ಮ ಬಾಗಿಲು ತಟ್ಟಿದರು. ತುಟಿಯ ಕೆಂಪು ಸ್ವಲ್ಪ ಓರೆಯಾಗಿತ್ತು. “ನನ್ನ ಮಾತು ಕೇಳಿಸಿಕೊಳ್ಳಲು ಯಾರಾದರೂ ಬೇಕು ಡಾರ್ಲಿಂಗ್. ಹೊಸ ನಾಟಕ ಬಂದಿದೆ” ಎಂದರು. ಮೊದಲು ನನಗೆ ಅರ್ಥವಾಗಲಿಲ್ಲ. ಬಾಯಿಪಾಠ ಒಪ್ಪಿಸುವಾಗ ಎದುರು ಕೂತು ತಿದ್ದುವುದನ್ನು ಅವರ ಕಸುಬಿನವರು ಹಾಗೆನ್ನುತ್ತಾರಂತೆ. ಆ ವೈದ್ಯೆ ಏನೇನು ಕೇಳಬಹುದು ಎಂದು ತಿಳಿಯಬೇಕು, ಅದನ್ನು ಬಾಯಿಪಾಠ ಮಾಡಬೇಕು, ಅಷ್ಟೇ. ವಾರದಲ್ಲಿ ಮೂರು ಅಂಕದ ನಾಟಕ ಕಲಿತವಳಿಗೆ ಇದು ಯಾವ ಲೆಕ್ಕ ಎಂದರು. ನನ್ನ ಅತ್ತೆಗೆ ಮೈಸೂರಿನಲ್ಲಿ ಇಂಥದ್ದೇ ಪರೀಕ್ಷೆ ಮಾಡಿಸಿದಾಗ ನಾನು ಪಕ್ಕದಲ್ಲಿದ್ದೆ. ಪ್ರಶ್ನೆಗಳು ಸುಮಾರಾಗಿ ಗೊತ್ತಿದ್ದವು. ಗೊತ್ತಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಆ ಮನೆಯಿಂದ ಅವರನ್ನು ಕಿತ್ತರೆ ಅವರು ಉಳಿಯುವುದಿಲ್ಲ ಎಂದು ನನಗೆ ಅನಿಸಿತ್ತು.

ತಾಲೀಮು ಶುರುವಾಯಿತು. ದಿನಾ ಬೆಳಿಗ್ಗೆ ಮಗಳನ್ನು ದಾಗಿಸ್‌ಗೆ ಬಿಟ್ಟು ಬಂದು, ಆಫೀಸಿನ ಕೆಲಸಕ್ಕೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಮೇಲೆ ಹೋಗುತ್ತಿದ್ದೆ. ನಾನು ವೈದ್ಯೆ, ಅವರು ಅವರೇ. “ಇವತ್ತು ಯಾವ ವಾರ?” ಎಂದು ನಾನು ಕೇಳಿದರೆ, “ನೀನು ಸಾವಿಗೆ ಬಂದವಳ ಹಾಗೆ ಕೇಳುತ್ತಿದ್ದೀಯ. ವೈದ್ಯೆ ದಿನಕ್ಕೆ ಹತ್ತು ಜನರನ್ನು ಕೇಳಿರುತ್ತಾಳೆ. ಬೇಸರದಿಂದ ಕೇಳು” ಎಂದು ತಿದ್ದುತ್ತಿದ್ದರು. ನಾನು ಬೇಸರದಿಂದ ಕೇಳುತ್ತಿದ್ದೆ. ವರ್ಷ, ಋತು, ತಿಂಗಳು, ದೇಶ, ಊರು, ಮನೆಯ ವಿಳಾಸ, ಎಷ್ಟನೇ ಮಹಡಿ. ನೂರರಿಂದ ಏಳೇಳು ಕಳೆಯುತ್ತ ಬರುವುದನ್ನು ಪದ್ಯದ ಹಾಗೆ ರಾಗ ಹಾಕಿ ಕಲಿತರು, ನೆನಪಿಟ್ಟು ಹೇಳಬೇಕಾದ ಮೂರು ಪದಗಳನ್ನೂ ಕಲಿತರು. ವಾರ ಮತ್ತು ತಾರೀಕು ದಿನಾ ಬದಲಾಗುತ್ತದಲ್ಲ, ಅದೊಂದು ತಲೆನೋವು. ಅದನ್ನು ಆಯಾ ದಿನ ಬೆಳಿಗ್ಗೆ ಕೊಡು ಎಂದರು. ಅವರ ಕಂಪನಿಯಲ್ಲೂ ಕೊನೆ ಗಳಿಗೆಯಲ್ಲಿ ಮಾತು ಬದಲಾಗುತ್ತಿತ್ತಂತೆ.

ನಾಲ್ಕೈದು ದಿನಗಳಲ್ಲಿ ಅವರು ಎಷ್ಟು ಚೆನ್ನಾಗಿ ಹೇಳತೊಡಗಿದರೆಂದರೆ ನನಗೆ ಪರೀಕ್ಷೆಯೇ ಬೇಡವಾಗಿತ್ತೇನೋ ಅನ್ನಿಸಿತು. ಸಣ್ಣ ತಡವರಿಕೆಯನ್ನೂ ಬೇಕೆಂದೇ ಸೇರಿಸಿದ್ದರು. ವಯಸ್ಸಾದವಳು ತಡವರಿಸದಿದ್ದರೆ ನಂಬುವುದಿಲ್ಲ ಎನ್ನುವುದು ಅವರ ವಾದ. ಒಂದು ದಿನ ನನಗೆ ಆಫೀಸಿನ ಮೀಟಿಂಗಿಗೆ ಹೊತ್ತಾಗಿತ್ತು. ಅವಸರದಲ್ಲಿ ಪ್ರಶ್ನೆಗಳ ಕ್ರಮ ತಪ್ಪಿತು. ಋತು ಕೇಳಬೇಕಾದಲ್ಲಿ, “ನೀವು ಎಲ್ಲಿ ಇರುವುದು?” ಎಂದು ಕೇಳಿದೆ.

“ಶರತ್ಕಾಲ” ಎಂದರು, ಮುಗುಳ್ನಗುತ್ತ, ಎಲ್ಲೂ ಎಡವದೆ.

ಇನ್ನೊಮ್ಮೆ ಬೇಕೆಂದೇ ಹಿಂದುಮುಂದು ಮಾಡಿ ಕೇಳಿದೆ. ಊರು ಕೇಳಿದರೆ ತಿಂಗಳು ಹೇಳಿದರು. ತಿಂಗಳು ಕೇಳಿದಾಗ ಬಾಯಿ ತೆರೆದು ನನ್ನ ಮುಖವನ್ನೇ ನೋಡಿದರು, ಆ ಕಣ್ಣುಗಳಲ್ಲಿ ಇದ್ದದ್ದು ಪೊರಕೆ ನೋಡಿ ತರಿಸಿಕೊಂಡ ಭಯವಲ್ಲ. ನಾನು ತಕ್ಷಣ ಮೊದಲಿಂದ, ಕ್ರಮವಾಗಿ ಕೇಳಿದೆ. ಎಲ್ಲವೂ ಸರಿಯಾಗಿ ಬಂತು.

ಸಂಜೆ ಗಿರೀಶನಿಗೆ ಹೇಳಿದೆ. ಅವನು ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ.

“ನೀನು ಹೆಲ್ಪ್ ಮಾಡ್ತಿದೀನಿ ಅಂದ್ಕೊಂಡಿದೀಯ. ನಾಳೆ ಸ್ಟವ್ ಆನ್ ಮಾಡಿ ಮರ್ತು ಮಲ್ಕೊಂಡ್ರೆ?”

“ಇನ್ನೂ ಅಷ್ಟೆಲ್ಲ ಆಗಿಲ್ಲ ಗಿರೀಶ್.”

“ಮೊನ್ನೆ ಪಾತ್ರೆ ಸುಟ್ಟಿದ್ದು ಯಾರು, ನಾನಾ? ಕೆಳಗಡೆ ನಮ್ ಮಗು ಮಲ್ಗಿರುತ್ತೆ.”

“ಹಾಗಂತ ಅವ್ರನ್ನ ಹೊರಗ್ ಹಾಕ್ಸ್ಲಾ? ಅವ್ರಿಗೆ ಇರೋದು ಆ ಮನೆ ಒಂದೇ.”

“ಹಾಕ್ಸು ಅಂತ ಯಾರಂದ್ರು? ನಿಜ ಏನೋ ಅದು ಡಾಕ್ಟ್ರಿಗೆ ಗೊತ್ತಾಗ್ಲಿ ಅಂದೆ. ನಿಂಗೂ ಭಯ ಆಗ್ತಿದೆ ತಾನೆ? ಮುಖ ನೋಡಿದ್ರೇ ಗೊತ್ತಾಗತ್ತೆ.”

ಭಯ ಆಗುತ್ತಿತ್ತು. ಅವರು ಪರೀಕ್ಷೆಯಲ್ಲಿ ಸೋಲುತ್ತಾರೆಂದು ಭಯ, ಗೆಲ್ಲುತ್ತಾರೆಂದು ಅದಕ್ಕಿಂತ ಭಯ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ದೇವರ ಮುಂದೆ ಸುಮ್ಮನೆ ದೀಪ ಹಚ್ಚಿ ಬರುತ್ತಿದ್ದೆ.

ಪರೀಕ್ಷೆಯ ದಿನ ಟ್ರಾಮಿನಲ್ಲಿ ಅವತ್ತಿನ ವಾರ, ತಾರೀಕು ಕಿವಿಯಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆರೋಗ್ಯ ಕೇಂದ್ರಕ್ಕೆ ಹೋದಕೂಡಲೇ ಶೌಚಾಲಯ ಹುಡುಕಿದರು. ಹೊರಗೆ ನಿಂತಿದ್ದ ನನಗೆ ಅವರು ಕಕ್ಕಿಕೊಳ್ಳುವುದು ಕೇಳಿಸಿತು. ಆಮೇಲೆ ನೀರು ಬಿಟ್ಟ ಸದ್ದು. ಹೊರಗೆ ಬಂದಾಗ ತುಟಿಯ ಕೆಂಪು ಗೆರೆ ಹಾಕಿದಂತೆ ನೇರವಾಗಿತ್ತು. ಬೆನ್ನು ಸೆಟೆದಿತ್ತು. ಹತ್ತು ವರ್ಷ ಚಿಕ್ಕವರಾಗಿ ಕಂಡರು. ವೈದ್ಯೆ ಹೆಸರು ಕರೆದಾಗ ಅವರು ಆ ಬಾಗಿಲು ದಾಟಿ ಒಳಗೆ ನಡೆದ ರೀತಿಯನ್ನು ನಾನು ಮರೆಯಲಾರೆ. ಇಡೀ ಕೋಣೆ ತನಗಾಗಿ ಕಾಯುತ್ತಿತ್ತು ಎನ್ನುವಂತೆ ನಡೆದರು.

ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ವೈದ್ಯೆ ಚಿಕ್ಕ ವಯಸ್ಸಿನವಳು, ಇಂಗ್ಲಿಷಿನಲ್ಲೇ ಮಾತಾಡಿದಳು. ಅಷ್ಟೊಂದು ಬೇಸರವೇನೂ ಇರಲಿಲ್ಲ, ಮೆದುವಾಗಿ ಕೇಳಿದಳು. ನಾನು ಪ್ರಶ್ನೆಗಳ ಕ್ರಮವನ್ನು ಹಿಂಬಾಲಿಸಿದೆ. ವರ್ಷ ಕೇಳಿದಳು, ಬಂತು. ಋತು, ಬಂತು. ತಿಂಗಳು, ವಾರ, ತಾರೀಕು. ದೇಶ, ಊರು. ವಿಳಾಸವನ್ನು ಗಂಟೆ ಹೊಡೆದಂತೆ ಹೇಳಿದರು. ಏಳೇಳು ಕಳೆಯುವಾಗ ಬೇಕಾದಲ್ಲಿ ತಡವರಿಸಿದರು, ವೈದ್ಯೆಯ ಮುಖದಲ್ಲಿ ಅಯ್ಯೋ ಎನ್ನುವ ಭಾವ ಮೂಡಿದೊಡನೆ ಸರಿಪಡಿಸಿಕೊಂಡರು. ಮೂರು ಪದ ನೆನಪಿಟ್ಟುಕೊಳ್ಳಿ ಎಂದಳು. ನಾವು ಕಲಿತ ಪದಗಳಲ್ಲ, ಬೇರೆಯೇ. ಅವರು ಆ ಪದಗಳನ್ನು ತುಟಿ ಅಲುಗಿಸದೆ ಒಳಗೇ ಹೇಳಿಕೊಳ್ಳುತ್ತಿದ್ದದ್ದು ಅವರ ಗಂಟಲಿನ ಆಡುವಿಕೆಯಿಂದ ನನಗೆ ತಿಳಿಯುತ್ತಿತ್ತು. ಕೇಳಿದಾಗ ಮೂರನ್ನೂ ಕೊಟ್ಟರು.

ಆಮೇಲೆ ವೈದ್ಯೆ ಒಂದು ಖಾಲಿ ಹಾಳೆ ಮುಂದಿಟ್ಟು, “ನಿಮಗೆ ತೋಚಿದ ಒಂದು ವಾಕ್ಯ ಬರೆಯಿರಿ” ಎಂದಳು. ಇದು ನನಗೆ ಮರೆತೇಹೋಗಿತ್ತು. ಕಲಿಸಿರಲಿಲ್ಲ. ಅವರು ಪೆನ್ನು ಹಿಡಿದು ‘ಇಲ್ಲಿ ನನ್ನ ಮಾತೇನು?’ ಎನ್ನುವಂತೆ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಬಹಳ ಹೊತ್ತಿನ ಮೇಲೆ ಅವರು ಏನೋ ಬರೆದರು. ವೈದ್ಯೆ ಓದಿ ನಕ್ಕು ನನಗೂ ತೋರಿಸಿದಳು: ‘ಕೆಳಗಿನ ಮನೆಯ ಹುಡುಗಿ ನನ್ನ ಮಾತು ಕೇಳಿಸಿಕೊಳ್ಳುತ್ತಾಳೆ.’ ಗುಟ್ಟು ಬಯಲಾಯಿತೆಂದು ನನ್ನ ಕಿವಿ ಬಿಸಿಯಾಯಿತು. ವೈದ್ಯೆಗೆ ಅದು ಬರೀ ಒಳ್ಳೆಯ ನೆರೆಹೊರೆಯ ಮಾತಾಗಿ ಕಂಡಿತು. “ಎಲ್ಲರಿಗೂ ಇಂಥವರು ಸಿಗುವುದಿಲ್ಲ” ಎಂದಳು. ವಯಸ್ಸಿಗೆ ಹೋಲಿಸಿದರೆ ತುಂಬ ಚೆನ್ನಾಗಿದೆ, ಸದ್ಯಕ್ಕೆ ಚಿಂತೆ ಬೇಡ, ಬರುವ ವರ್ಷ ಮತ್ತೆ ನೋಡೋಣ ಎಂದಳು. ಇವರು ಎದ್ದು ನಿಂತು ತಲೆಯನ್ನು ಚೂರೇ ಚೂರು ಬಾಗಿಸಿದರು.

ಹೊರಗೆ ಬಂದಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಭಯವೆಲ್ಲ ಎಲ್ಲೋ ಹೋಗಿತ್ತು. ಗೆದ್ದಿದ್ದೆವು. ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಅವರನ್ನು ಕೂರಿಸಿ, ನಮ್ಮ ಗಾಡಿ ಎಷ್ಟು ಹೊತ್ತಿಗೆ ಎಂದು ನೋಡಿ ಬಂದೆ. ಅವರು ಕೋಟಿನ ಗುಂಡಿ ಹಾಕಿಕೊಂಡು, ಬಿಸಿಲಿಗೆ ಮುಖವೊಡ್ಡಿ ಹಾಯಾಗಿ ಕೂತಿದ್ದರು.

“ಈಗ ಯಾವ ಊರಿಗೆ ಡಾರ್ಲಿಂಗ್?” ಎಂದರು.

“ಮನೆಗೆ” ಎಂದೆ ನಗುತ್ತ.

“ಅಲ್ಲಿ ನಮಗೆ ಕೋಣೆ ಹಿಡಿದಿದ್ದಾರಾ?”

ಆಗಲೂ ನನಗೆ ತಮಾಷೆ ಎನ್ನಿಸಿತು. ಆದರೆ ಅವರು ಉತ್ತರಕ್ಕೆ ಕಾಯುತ್ತಿದ್ದರು. ನಾನು ಅವರ ವಿಳಾಸ ಹೇಳಿದೆ. ಅರ್ಧ ಗಂಟೆಯ ಹಿಂದೆ ಅವರೇ ವೈದ್ಯೆಗೆ ಹೇಳಿದ ಬೀದಿ, ಅದೇ ಮನೆ ನಂಬರು, ಅದೇ ಮಹಡಿ. ಯಾವುದೋ ಪರ ಊರಿನ ಹೆಸರು ಕೇಳುವವರಂತೆ ಕೇಳಿಸಿಕೊಂಡರು. “ಚೆನ್ನಾಗಿದೆಯಾ ಮನೆ? ಚಳಿ ಇಲ್ಲ ತಾನೆ?”

“ಈಗಷ್ಟೇ ನೀವೇ ಹೇಳಿದಿರಲ್ಲ, ಒಳಗೆ, ಡಾಕ್ಟರಿಗೆ.”

“ಅದು ಮುಗಿಯಿತಲ್ಲ” ಎಂದರು, ನನಗೇನೂ ತಿಳಿಯದು ಎನ್ನುವ ತಾಳ್ಮೆಯಲ್ಲಿ. “ಮುಗಿದ ನಾಟಕವನ್ನು ತಲೆಯಲ್ಲಿ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಹೊಸದು ಎಲ್ಲಿ ಕೂರಬೇಕು? ಪರದೆ ಬಿದ್ದೊಡನೆ ಎಲ್ಲ ಹೊರಗೆ ಹಾಕಿಬಿಡುತ್ತಿದ್ದೆವು. ಒಂದು ಸಾಲೂ ಉಳಿಯುತ್ತಿರಲಿಲ್ಲ.”

ನಾನು ಅವರ ಪಕ್ಕ ಕೂತುಬಿಟ್ಟೆ. ಇರುವ ದೇಶ, ಇರುವ ಊರು, ಮನೆ, ಮಹಡಿ, ಎಲ್ಲವನ್ನೂ ನಾವಿಬ್ಬರೂ ಸೇರಿ ನಾಟಕದ ಮಾತಾಗಿ ಮಾಡಿದ್ದೆವು. ಅವರಲ್ಲಿ ಅಷ್ಟೋ ಇಷ್ಟೋ ಉಳಿದಿದ್ದದ್ದೂ ಆ ಮಾತಿನ ಜೊತೆಗೆ ಹೊರಗೆ ಹೋಗಿತ್ತು. ಯಾವ ಮನೆಗಾಗಿ ಇಷ್ಟೆಲ್ಲ ಮಾಡಿದರೋ ಆ ಮನೆಯೇ ಅವರಿಗೆ ಗೊತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ, ಜನ ಓಡಾಡುವ ಜಾಗದಲ್ಲಿ, ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ.

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಮಲಮಗ. “ಹೇಗಾಯಿತು? ಏನೆಂದರು?” ಎಂದು ಕೇಳಿದ. ಪಾಸಾದರು ಎಂದರೆ ಅವನು ಮಾತು ಉಳಿಸಿಕೊಳ್ಳುತ್ತಾನೆ, ಇವರು ಇವತ್ತು ಒಬ್ಬರೇ ಆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಇನ್ನೊಂದನ್ನು ಹೇಳಿದರೆ ಅವರ ಮನೆಯನ್ನು ನಾನೇ ಕಿತ್ತುಕೊಂಡಂತೆ. ನಾಲಗೆ ಅಂಗುಳಿಗೆ ಅಂಟಿತು. ಹಲೋ, ಹಲೋ ಎಂದು ಅವನು ಆ ಕಡೆಯಿಂದ ಕೂಗುತ್ತಿದ್ದ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖದ ನೆಮ್ಮದಿ ಇಳಿದುಹೋಯಿತು. ಸುತ್ತ ಒಮ್ಮೆ ಕಣ್ಣಾಡಿಸಿದರು, ಹಳಿ, ಬೆಂಚು, ತಮ್ಮ ಮೈಮೇಲಿನ ಗಂಡನ ಕೋಟು. ಏನೋ ತಿಳಿದುಬಂತು. ಮುಂದಕ್ಕೆ ಬಾಗಿ, ಮರೆಯಲ್ಲಿ ನಿಂತು ನಟರಿಗೆ ಮಾತು ಕೊಡುವವರ ಹಾಗೆ, ತಗ್ಗಿದ ದನಿಯಲ್ಲಿ, ಒಂದೊಂದು ಪದವೂ ನನಗೆ ಕೇಳುವಂತೆ ಹೇಳಿದರು:

“ಅವಳಿಗೆ ಮನೆ ನೆನಪಾಗುತ್ತಿಲ್ಲ.”

ನಾನು ಫೋನಿನಲ್ಲಿ ಹೇಳಿದೆ, “ಅವರಿಗೆ ಮನೆ ನೆನಪಾಗುತ್ತಿಲ್ಲ.”

ಅವರು ತಲೆಯಾಡಿಸಿ ಮುಂದಿನದನ್ನು ಕೊಟ್ಟರು. “ಅವಳಿಗೆ ತುಂಬ ಹೆದರಿಕೆಯಾಗುತ್ತಿದೆ. ಬಾ ಅನ್ನು.”

ಅದನ್ನೂ ಹೇಳಿದೆ.